ನಡುಗಂಬ

ತೊಲೆಗೆ ಆಸರೆ ಕೊಟ್ಟ ಟೇಕು ಜಾರಿದ್ದು ಮಾಯಾಳಿಗೆ ಕಂಡಿತು. ಅವಳ ಗಂಡ ಬಾಳೇಶನಿಗೆ ಕಾಣುವಂತಿರಲಿಲ್ಲ. ಅವನು ಬೋರಲು ಮಲಗಿ, ತಲೆಯನ್ನೂ ತೋಳುಗಳನ್ನೂ ಕುಣಿಯೊಳಗೆ ಇಳಿಬಿಟ್ಟು, ಗೆದ್ದಲು ತಿಂದ ಹಳೆಯ ನಡುಗಂಬದ ಬುಡವನ್ನು ಕೆರೆದು ತೆಗೆಯುತ್ತಿದ್ದ. ಕಂಬ ಕಿತ್ತಿದ್ದರಿಂದ ಕೊಟ್ಟಿಗೆಯ ತೊಲೆಗೆ ಒಂದು ಮರವನ್ನು ಟೇಕು ಕೊಟ್ಟು ನಿಲ್ಲಿಸಿದ್ದರು. ಅದರ ಬುಡ ಸಡಿಲ ಮಣ್ಣಿನಲ್ಲಿ ಒಂದು ಗೇಣು ಸರಿಯಿತು. ಮೇಲೆ ತಗಡು ಕರಕರ ಎಂದಿತು. ತೊಲೆ ಇಳಿಯಿತು, ಅದರ ಭಾರ ಹೊತ್ತ ಟೇಕು ವಾಲಿ ಬಂದು ಬಾಳೇಶನ ಬೆನ್ನಿಗೆ ತಾಗಿ ನಿಂತಿತು.

ಮಾಯಾ ಕುಸಿದು ಕೂತು ಎರಡೂ ಹಿಮ್ಮಡಿಗಳನ್ನು ಟೇಕಿನ ಬುಡಕ್ಕೆ ಒತ್ತಿ ಹಿಡಿದಳು. ಬೆನ್ನನ್ನು ಮೇವು ಹಾಕುವ ಗ್ವಾದಲಿಯ ಕಲ್ಲಿಗೆ ಕೊಟ್ಟಳು. ಗ್ವಾದಲಿಯ ಆಚೆ ಎಮ್ಮೆ ಮೇವು ತಿನ್ನುತ್ತಿತ್ತು. ಅದು ಈದು ವಾರ ಕಳೆದಿರಲಿಲ್ಲ, ಹಕ್ಕಿ ಹಾರಿದರೂ ಬೆದರುತ್ತಿತ್ತು. ಅದರ ಹಗ್ಗ ಪಕ್ಕದ ಕಂಬಕ್ಕೆ, ಅದೂ ಹಳೆಯದೇ. ಈಗ ತೊಲೆ ಹೆಚ್ಚುಕಡಿಮೆ ಆ ಕಂಬವನ್ನೇ ನಂಬಿಕೊಂಡಿತ್ತು. "ಎಮ್ಮಿ ಹೊರಗ ಕಟ್ರಿ" ಎಂದು ಅವಳು ಮುಂಜಾನೆಯೇ ಹೇಳಿದ್ದಳು. "ಬಿಸಲಾಗ ಕರು ಬಾಡ್ತೈತಿ. ಒಂದು ಕಂಬದ ಕೆಲಸ, ಎಷ್ಟೊತ್ತಿಂದು?" ಎಂದಿದ್ದ ಬಾಳೇಶ.

ಕೊಣ್ಣೂರಿನ ಬಡಿಗ ದಸ್ತಗೀರ ಕಾಕಾ ಶುಕ್ರವಾರ ನಮಾಜು ಮುಗಿಸಿಕೊಂಡು ಬಂದು ಕಂಬ ಹಾಕಿಕೊಡುತ್ತೇನೆ ಎಂದಿದ್ದ. ಅಲ್ಲಿಯವರೆಗೆ ಬಾಳೇಶನಿಗೆ ತಡೆಯಲಾಗಲಿಲ್ಲ. ಬದುವಿನ ಜಾಲಿ ಕಡಿದು, ಸಿಪ್ಪೆ ಸುಲಿದು, ನೆರಳಿನಲ್ಲಿ ಒಣಗಿಸಿ, ಬುಡವನ್ನು ಬೆಂಕಿಯಲ್ಲಿ ಕರಿ ಮಾಡಿ, ಟ್ರ್ಯಾಕ್ಟರಿನ ಹಳೆ ಆಯಿಲ್ ಬಳಿದು, ಎಲ್ಲ ಹೊಸ ಕಂಬಗಳನ್ನೂ ತಾನೇ ತಯಾರು ಮಾಡಿದ್ದ. ತಮ್ಮೂರು ನಾಗನೂರಿನವರೆಲ್ಲ ಸಿಮೆಂಟ್ ಕಂಬಕ್ಕೆ ಮನಸೋತಿರುವಾಗ, ದಾರಿಯಲ್ಲಿ ಹೋಗುವವರನ್ನು ಕರೆದು ಇವನ್ನು ತೋರಿಸುತ್ತಿದ್ದ. ಅವುಗಳಲ್ಲಿ ಒಂದು, ಕವಲು ತಲೆಯದು, ಈಗ ಕುಣಿಯ ಆಚೆ ಬದಿಯಲ್ಲಿ ಮಲಗಿತ್ತು.

"ಮಾಯಾ," ಕುಣಿಯೊಳಗಿಂದ ದನಿ ಬಂತು. "ಬೆನ್ನ ಮ್ಯಾಲ ಏನೈತಿ?"

"ಟೇಕು. ಅಳಗ್ಯಾಡಬ್ಯಾಡ್ರಿ."

"ಎಷ್ಟ ಜಾರೈತಿ?"

"ನಾ ಹಿಡದೇನಿ."

ಮೇಲೆ ತಗಡು ಮತ್ತೊಮ್ಮೆ ಕಿರುಗುಟ್ಟಿತು. ಎಮ್ಮೆ ಬುಸ್ಸೆಂದು ಹಿಂದಕ್ಕೆ ಜಗ್ಗಿತು. ಪಕ್ಕದ ಕಂಬ ಅದುರಿತು, ತೊಲೆ ಅದುರಿತು, ಬಾಳೇಶನ ಗಂಟಲಿನಿಂದ ಹಿಂಡಿದಂಥ ಸದ್ದು ಹೊರಟಿತು. ಅದೇ ಹೊತ್ತಿಗೆ ಹೊಲದ ದಾರಿಯಲ್ಲಿ ಯಾರದೋ ಬೈಕು ಬಂತು. ಒಮ್ಮೆ ಕೂಗಿದರೆ ಸಾಕು, ಓಡಿ ಬರುತ್ತಾರೆ. ಆದರೆ ಅವರಿಗಿಂತ ಮೊದಲು ಎಮ್ಮೆ ಬೆದರಿ ಕಂಬ ಕಿತ್ತುಕೊಂಡು ಓಡುತ್ತದೆ. ಮಾಯಾ ಸೆರಗು ಕಚ್ಚಿ ಹಿಡಿದಳು. ಬೈಕಿನ ಸದ್ದು ಹತ್ತಿರ ಬಂತು, ದಾಟಿತು, ಕಬ್ಬಿನ ಆಚೆ ಸಣ್ಣಗಾಗಿ ಅಳಿಸಿಹೋಯಿತು.

ಆಮೇಲೆ ಅವಳು ಮಾತಾಡತೊಡಗಿದಳು, ಹಾಲು ಹಿಂಡುವಾಗಿನ ಅದೇ ಮೆತ್ತನೆಯ ದನಿಯಲ್ಲಿ.

"ನಿಂದ್ರ ನಮ್ಮವ್ವ, ನಿಂದ್ರ. ಏನೂ ಆಗಿಲ್ಲ. ನಿನ್ನ ಕರು ಅಲ್ಲೇ ಮಕ್ಕೊಂಡೈತಿ ನೋಡ... ನೀವು ಹಿಂದಕ ಸರೀರಿ, ಹೊಟ್ಟಿ ಮ್ಯಾಲ, ಸಾವಕಾಶ... ನಿಂದ್ರ ತಾಯಿ... ಬೆನ್ನ ಎತ್ತಬ್ಯಾಡ್ರಿ, ನೆಲಕ್ಕ ಹತ್ತಿ ಬರ್ರಿ... ಹಾಂ ನಮ್ಮವ್ವ, ತಿನ್ನು, ಮೇವು ತಿನ್ನು..."

ಎಮ್ಮೆಯ ಬಿಸಿ ಉಸಿರು ಅವಳ ಕುತ್ತಿಗೆಗೆ ಬಡಿಯುತ್ತಿತ್ತು. ಬಾಳೇಶ ಹಲ್ಲಿಯಂತೆ ನೆಲಕ್ಕೆ ಅಂಟಿ ಹಿಂದೆ ಸರಿಯುತ್ತಿದ್ದ. ಅಂಗಿ ಟೇಕಿಗೆ ಸಿಕ್ಕು ಪರ್ರನೆ ಹರಿಯಿತು. ಅವನು ನಿಂತ. ಅವಳು ದನಿ ನಿಲ್ಲಿಸಲಿಲ್ಲ. ಅವನು ಮತ್ತೆ ಸರಿದ. ಅವನ ಬೆನ್ನು ತಪ್ಪುತ್ತ ಬಂದ ಹಾಗೆ ಭಾರವೆಲ್ಲ ಅವಳ ಹಿಮ್ಮಡಿಗೆ ಇಳಿಯತೊಡಗಿತು. ಅವನು ಪೂರಾ ಹೊರಬಂದ ಕ್ಷಣಕ್ಕೆ ಈ ಮರ ನಿಲ್ಲುವುದಿಲ್ಲ, ನನ್ನ ಎದೆಗೇ ಬರುತ್ತದೆ ಎಂದು ಅವಳಿಗೆ ಅನ್ನಿಸಿತು. ಆದರೂ "ಬರ್ರಿ" ಎಂದಳು, "ಇನ್ನ ಸ್ವಲ್ಪ ಬರ್ರಿ."

ತಲೆ ಹೊರಬಂದದ್ದೇ ಬಾಳೇಶ ಎದ್ದು ಟೇಕಿಗೆ ಹೆಗಲು ಕೊಟ್ಟ. ಅದನ್ನು ತಳ್ಳಿ ನೆಟ್ಟಗೆ ಮಾಡಿ, ಬುಡಕ್ಕೆ ಕಲ್ಲು ಒತ್ತಿದ. ಹೊಸ ಕಂಬವನ್ನು ಎಳೆದು ತಂದು ಕುಣಿಗೆ ಇಳಿಸಿ, ಅದರ ಕವಲನ್ನು ತೊಲೆಯ ಅಡಿಗೆ ಕೂರಿಸಿ, ಸುತ್ತ ಕಲ್ಲುಮಣ್ಣು ತುಂಬಿ ಕಬ್ಬಿಣದ ಹಾರಿಯಿಂದ ಜಡಿದ. ತೊಲೆ ಕಂಬದ ಮೇಲೆ ಕೂತಿತು. ಮಾಯಾ ಕಾಲು ಚಾಚಲು ನೋಡಿದಳು, ಆಗಲಿಲ್ಲ. ಕೈಯಿಂದ ಒಂದೊಂದೇ ಕಾಲನ್ನು ಎತ್ತಿ ಬದಿಗಿಟ್ಟಳು.

"ನೋಡಿದೇನು, ಹೆಂಗ ಕುಂತೈತಿ ನನ್ನ ಕಂಬ," ಬಾಳೇಶ ಮುಖದ ಮಣ್ಣು ಒರೆಸಿಕೊಂಡ. "ಹುಂ, ಏಳು. ಬಾಜೂದ್ದೂ ಇವತ್ತ ಕಿತ್ತ ಬಿಡೂಣು."

ಅವನು ಹಾರಿ ಎತ್ತಿಕೊಂಡು ಪಕ್ಕದ ಕಂಬದತ್ತ ತಿರುಗಿದ. ಮಾಯಾ ಗ್ವಾದಲಿ ಹಿಡಿದು ಎದ್ದಳು, ಕುಂಟುತ್ತ ಪಕ್ಕದ ಕಂಬದವರೆಗೆ ಹೋದಳು, ಅದಕ್ಕೆ ಬೆನ್ನು ಆನಿಸಿ ಕೂತುಬಿಟ್ಟಳು.

"ದಸ್ತಗೀರ ಕಾಕಾ ಬರೂತನಕ ನಾ ಇಲ್ಲಿಂದ ಏಳೂದಿಲ್ರಿ."

ಬಾಳೇಶ ಹಾರಿ ಹಿಡಿದೇ ಹತ್ತಿರ ಬಂದ. ಅಷ್ಟರಲ್ಲಿ ಅವಳ ಬೆನ್ನ ಹಿಂದೆ, ಗೆದ್ದಲು ಕೊರೆದ ಕಂಬದ ಒಳಗೆ, ಜರಡಿಯಿಂದ ಹಿಟ್ಟು ಉದುರುವಂಥ ಸದ್ದು ಸರ್ರನೆ ಮೇಲಿಂದ ಕೆಳಗಿಳಿಯಿತು. ಇಬ್ಬರಿಗೂ ಕೇಳಿಸಿತು. ಅವನು ಹಾರಿಯನ್ನು ಸದ್ದಾಗದಂತೆ ನೆಲಕ್ಕಿಟ್ಟು ಅವಳತ್ತ ಕೈ ಚಾಚಿದ. ಮೂಲೆಯಲ್ಲಿ ಕರು ಎಚ್ಚರಗೊಂಡು ಕೂಗಿತು, ಅವಳ ತಲೆಯ ಮೇಲೆ ಎಮ್ಮೆಯ ಹಗ್ಗ ಬಿಗಿಯಾಯಿತು.