ದೊಡ್ಡ ಇಂಜಿನ್ ಕೂರಿಸಿದ ಗುರುವಾರ

ಪೆಟ್ರೋಲು, ಕರ್ಪೂರ ಎರಡರ ವಾಸನೆ ಒಟ್ಟಿಗೆ ಬಂದರೆ ಈಗಲೂ ನನಗೆ ಚಾಮರಾಜಪೇಟೆಯ ಆ ಗುರುವಾರದ ಮಧ್ಯಾಹ್ನ ನೆನಪಾಗುತ್ತದೆ.

ಕಾಟನ್‌ಪೇಟೆಗೆ ಮೂಟೆ ಹೊರುತ್ತಿದ್ದ ನಮ್ಮ ಹಳೆಯ ಪಿಕಪ್ ಗಾಡಿಗೆ, ಯುದ್ಧ ಮುಗಿದ ಮೇಲೆ ಹರಾಜಾದ ಮಿಲಿಟರಿ ಲಾರಿಯೊಂದರ ದೊಡ್ಡ ಇಂಜಿನನ್ನು ಮೇಸ್ತ್ರಿ ಕೂರಿಸಿದ್ದರು. ಅದು ಹಿಡಿಸಲೆಂದು ಕೊಯ್ದ ಬಾನೆಟ್ಟಿನ ತಗಡಿನ ಅಂಚು ಇನ್ನೂ ಒರಟಾಗಿತ್ತು.

ತಾತ ಗಾಡಿಗೆ ಆರತಿ ಎತ್ತಿ, "ಒಂದೂವರೆಗೆ ರಾಹುಕಾಲ. ಅಷ್ಟರೊಳಗೆ ಹೊರಟು ಗವಿಪುರದ ದೇವಸ್ಥಾನಕ್ಕೆ ಹೋಗ್ಬಂದ್ಬಿಡಿ," ಎಂದರು.

"ಬ್ರೇಕು ಹಳೇದೇ ಇದೆ ಯಜಮಾನ್ರೇ. ಈ ಇಂಜಿನ್ನಿನ ಓಟಕ್ಕೆ ಅದು ಸಾಲಲ್ಲ. ನಾಳೆ ಬದಲಾಯಿಸ್ತೀನಿ, ಆಮೇಲೆ ಹೋಗೋಣ," ಎಂದರು ಮೇಸ್ತ್ರಿ.

"ನಾಳೆ ದಿನ ಚೆನ್ನಾಗಿಲ್ಲಯ್ಯ."

ಚಿಕ್ಕಪ್ಪ ಆಗಲೇ ಸ್ಟಿಯರಿಂಗ್ ಹಿಡಿದು ಕೂತಿದ್ದ. "ಹತ್ಕೊಳ್ಳಿ ಮೇಸ್ತ್ರಿ. ಹೆದರಿಕೆ ಆದ್ರೆ ಕಣ್ಮುಚ್ಕೊಳ್ಳಿ!" ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು.

ಮೂರು ಗಂಟೆಗೆ ಮೇಸ್ತ್ರಿ ಒಬ್ಬರೇ ನಡೆದು ಬಂದರು. ಹಣೆಯ ರಕ್ತ ಅಂಗಿಯ ಮೇಲೆಲ್ಲ ಒಣಗಿತ್ತು.

"ಇಂಜಿನ್ ಕೈಕೊಡ್ತೇನಯ್ಯಾ?" ತಾತ ಜಗುಲಿಯಿಂದಲೇ ಕೇಳಿದರು.

"ಇಂಜಿನ್ ಚೆನ್ನಾಗಿದೆ ಯಜಮಾನ್ರೇ. ಇಳಿಜಾರಲ್ಲಿ ಗಾಡಿ ನಿಲ್ಲಲಿಲ್ಲ," ಎಂದ ಮೇಸ್ತ್ರಿ, ಚಿಕ್ಕಮ್ಮ ಹೊರಗೆ ಬಂದದ್ದನ್ನು ಕಂಡು, ಗೋಡೆಗೆ ಮುಖ ಮಾಡಿ ಕುಸಿದು ಕೂತರು.