ಹಾರಿದವಳ ಬಾವಿ

“ಇದೇ ನೋಡ್ರಿ ಅಮ್ಮೋರೆ, ಗಿರಿಜವ್ವ ಹಾರಿದ ಬಾವಿ,” ಎಂದು ತಿಪ್ಪೇರುದ್ರಪ್ಪ ಚಪ್ಪಲಿ ಬಿಟ್ಟು ಕೈಮುಗಿದ. ಮೈಸೂರಿನಿಂದ ಬಂದ ವಕೀಲರ ಹೆಂಡತಿ ಅಲ್ಲೇ ಕುಸಿದು ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅತ್ತೆ ಹೊರಿಸಿದ ಸುಳ್ಳು ಅಪವಾದಕ್ಕೆ ಗಿರಿಜೆ ಬಾವಿಗೆ ಹಾರುವ ಆ ಕಾದಂಬರಿಯನ್ನು ಓದಿ ಓದಿ ಅತ್ತವಳು ಅವಳು. ಅದನ್ನು ಬರೆದ ಮಹನೀಯರ ಹುಟ್ಟೂರನ್ನು ಕಣ್ಣಾರೆ ನೋಡಲೇಬೇಕೆಂದು ಹಟ ಹಿಡಿದು, ಗಂಡನನ್ನು ರೈಲಿನಲ್ಲಿ ಹೊಸದುರ್ಗ ರೋಡಿಗೂ ಅಲ್ಲಿಂದ ಎತ್ತಿನ ಗಾಡಿಯಲ್ಲಿ ಈ ಊರಿಗೂ ಎಳೆದು ತಂದಿದ್ದಳು.

ಬೆಳಗಿನಿಂದ ಬಹುತೇಕ ಎಲ್ಲ ನೋಡಿ ಆಗಿತ್ತು. ಕಾದಂಬರಿಕಾರರು ಮರಳಿನ ಮೇಲೆ ಅಕ್ಷರ ತಿದ್ದಿದ ಜಗಲಿ, ಹುಡುಗನಾಗಿದ್ದಾಗ ಹತ್ತಿ ಕುಳಿತು ಊರನ್ನೆಲ್ಲ ನೋಡುತ್ತಿದ್ದ ಹಳೆಯ ಕೋಟೆಯ ಕುಸಿದ ಬತೇರಿ, ಅವರಿಗೆ ಕಥೆ ಹೇಳುತ್ತಿದ್ದ ಅಜ್ಜಿಯ ಗದ್ದುಗೆ. ಅವರೋ, ಬೆಂಗಳೂರು ಸೇರಿದ ಮೇಲೆ ಊರ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಬಂದವರಿಗೆ ಊರು ತೋರಿಸುವ ಹಿರಿತನ ತಿಪ್ಪೇರುದ್ರಪ್ಪನ ಪಾಲಿಗೆ ಬಂದಿತ್ತು. ಬಾವಿಯ ದಂಡೆಯ ಮೇಲೆ ಬಳೆ ತೊಟ್ಟ ಕೈ ಕೆತ್ತಿದ ಕಲ್ಲು ನೆಡಿಸಿದವನೂ ಅವನೇ.

ಗಿರಿಜೆ ಹುಟ್ಟಿದ್ದು ಕಾಗದದ ಮೇಲೆ, ಸತ್ತದ್ದೂ ಕಾಗದದ ಮೇಲೆ. ಆದರೂ ಊರಿನವರು ಆ ಕಲ್ಲಿಗೆ ಎಣ್ಣೆ ಹಚ್ಚಿ, ಅರಿಶಿನ ಬಳಿದು, ಸೋಮವಾರ ಕಾಯಿ ಒಡೆಯತೊಡಗಿದ್ದರು. ಹೀಗೆ ಬಾವಿ ಪವಿತ್ರವಾಯಿತು. ಪವಿತ್ರವಾದ ಮೇಲೆ ಕೇಳಬೇಕೆ, ಅಲ್ಲಿ ಯಾರ್ಯಾರು ನೀರು ಸೇದಬಾರದು ಎಂಬುದೂ ಒಡನೆಯೇ ತೀರ್ಮಾನವಾಯಿತು.

ವಕೀಲರ ಹೆಂಡತಿ ಕಲ್ಲಿನ ಮುಂದೆ ಹಸಿರು ಬಳೆ, ರವಿಕೆ ಕಣ ಇಟ್ಟು ಮಡಿಲು ತುಂಬುತ್ತಿದ್ದಾಗ ಹಿಂದೆ ಕೊಡ ಇಳಿಸಿದ ಸದ್ದಾಯಿತು. ನೆರೆಗೂದಲ ಹೆಂಗಸೊಬ್ಬಳು ಹಗ್ಗ ಬಿಚ್ಚುತ್ತಿದ್ದಳು.

“ಏ ಕೊಟ್ರಮ್ಮ, ನಿಂಗೆಷ್ಟು ಸಲ ಹೇಳ್ಬೇಕು? ಹಳ್ಳಕ್ಕೆ ಹೋಗು,” ತಿಪ್ಪೇರುದ್ರಪ್ಪ ಗದರಿದ.

“ಹಳ್ಳದಾಗೆ ಒರತೆ ಬತ್ತೋಗೈತೆ, ಭಾವ. ಒಂದು ಕೊಡ ಸೇದ್ಕಂಡು ಹೋಗ್ತೀನಿ.”

“ಇವಳು ನಿಮ್ಮ ತಮ್ಮನ ಹೆಂಡತಿಯೇ?” ವಕೀಲರು ಕೇಳಿದರು.

“ಆಗಿದ್ಲು. ಈಗಿಲ್ಲ ಬಿಡ್ರಿ.”

ಕೊಟ್ರಮ್ಮ ವಕೀಲರ ಹೆಂಡತಿಯ ಕೆಂಪಾದ ಕಣ್ಣುಗಳನ್ನೇ ನೋಡುತ್ತಿದ್ದಳು. ಈ ಊರಿನಲ್ಲಿ ಅವಳಿಗಾಗಿ ಒಂದು ಹನಿ ಕಣ್ಣೀರು ಹಾಕಿದವರಿರಲಿಲ್ಲ. ಇಲ್ಲಿ ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ತನ್ನದೇ ಕಷ್ಟಕ್ಕೆ ಅಷ್ಟು ದೂರದಿಂದ ಬಂದು ಅಳುತ್ತಿದ್ದಾಳೆ! ಇಂಥವಳ ಬಾಯಿಂದ ಒಂದು ಮಾತು ಬಂದರೆ ಸಾಕು, ನೀರೂ ಸಿಕ್ಕೀತು, ಹೋದ ಮಾನವೂ ಸಿಕ್ಕೀತು ಎಂದು ಅವಳಿಗೆ ಆಸೆಯಾಯಿತು. ಪಾಪ, ಆಸೆಪಟ್ಟಳು.

“ತಾಯಿ, ಆ ಪುಸ್ತಕದಾಗಿರೋಳು ನಾನೇ. ಅದನ್ನ ಬರ್ದೋನು ನಮ್ಮ ಪಕ್ಕದ ಮನೆ ಹುಡುಗ. ನನ್ನ ಗಂಡ ಬಳ್ಳಾರಿ ಕಡೆ ಅರಳೆ ವ್ಯಾಪಾರಕ್ಕೆ ಹೋಗಿದ್ದಾಗ ಇಲ್ಲದ್ದೆಲ್ಲ ಹುಟ್ಟಿಸಿ ಹೇಳಿ ನನ್ನನ್ನ ಮನೆಯಿಂದ ಹೊರಗೆ ಹಾಕಿದ್ರು. ಹಾಕಿದೋರು ಅತ್ತೆ ಅಲ್ಲ, ಇಲ್ಲಿ ಕೈಮುಗ್ಕಂಡು ನಿಂತಾರಲ್ಲ, ಇವ್ರೇ. ಬರ್ದೋನು ಇವ್ರ ಮನೆ ಉಪ್ಪು ತಿಂದಿದ್ದ, ಅದಕ್ಕೇ ಅತ್ತೆ ಅಂತ ಬರ್ದ. ಸತ್ತ ಅತ್ತೆ ಎದ್ದು ಬಂದು ಕೇಳ್ತಾಳಾ?”

“ಬಿಸಿಲಿಗೆ ಇವ್ಳ ತಲೆ ಕೆಟ್ಟೈತೆ. ಬರ್ರಿ ಅಮ್ಮೋರೆ, ಮಠ ನೋಡೋದೈತೆ, ಹೋಗಾಣ,” ತಿಪ್ಪೇರುದ್ರಪ್ಪ ನಗುತ್ತಲೇ ಅವಸರಪಡಿಸಿದ. ಅವನ ನಗು ಹುಳ್ಳಗಿತ್ತು.

“ತಡೀರಿ,” ಎಂದರು ವಕೀಲರು. “ಹಾಗಾದರೆ ಬಾವಿಗೆ ಹಾರಿದ್ದು?”

“ಹಾರಾಕಂತ್ಲೇ ಬಂದಿದ್ದೆ ಸ್ವಾಮಿ. ಹೊತ್ತು ಮುಳುಗಾವರ್ಗೂ ಇದೇ ದಂಡೆ ಮ್ಯಾಲೆ ಕುಂತಿದ್ದೆ. ಆ ಹುಡುಗ ಬತೇರಿ ಮ್ಯಾಲಿಂದ ನೋಡ್ತಿದ್ದ. ತಪ್ಪು ಮಾಡ್ದೋರು ಮನ್ಯಾಗೆ ಉಂಡು ಮಲಗ್ಯಾರೆ, ನಾನ್ಯಾಕೆ ಸಾಯ್ಲಿ ಅನ್ನಿಸ್ತು. ಎದ್ದು ಹೋದೆ. ಕಂಡೋರ ಮನೆ ಗೋಡೆ ಬಳ್ದೆ, ಅರಳೆ ಬಿಡಿಸ್ದೆ, ಬದುಕ್ದೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅಂತಾರಲ್ಲ, ಹಂಗೆ ಸತ್ತೋಳಿಗೆ ಪೂಜೆ, ಇದ್ದೋಳಿಗೆ ಒಂದು ಕೊಡ ನೀರಿಲ್ಲ.” ಕೊಟ್ರಮ್ಮ ವಕೀಲರ ಹೆಂಡತಿಯ ಕಡೆ ತಿರುಗಿ ಕೈಜೋಡಿಸಿದಳು. “ನೀವು ಅವ್ಳಿಗೋಸ್ಕರ ಅತ್ತೋರು. ನಂದೇನೂ ತಪ್ಪಿಲ್ಲ ಅಂತ ಈ ಭಾವನಿಗೆ ಒಂದು ಮಾತು ಹೇಳ್ರಿ ತಾಯಿ.”

ವಕೀಲರ ಹೆಂಡತಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಡೆದ ಹಿಮ್ಮಡಿ, ಎಲೆಅಡಿಕೆಯಿಂದ ಕಪ್ಪಾದ ಹಲ್ಲು, ಸುಣ್ಣ ಬಳಿದು ಗಟ್ಟಿಯಾದ ತೋಳು. ಪುಸ್ತಕದ ಗಿರಿಜೆ ಮಲ್ಲಿಗೆಯಂಥವಳು, ಬಾಯಿ ಎತ್ತಿ ಮಾತಾಡಿದವಳೇ ಅಲ್ಲ. ಅಷ್ಟು ಕಣ್ಣೀರನ್ನು ಇವಳಿಗಾಗಿ ಸುರಿಸಿದೆನಲ್ಲ ಎಂದು ಅವಳಿಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಸೆರಗನ್ನು ಭುಜದ ತುಂಬ ಹೊದ್ದುಕೊಂಡು ಅವಳು ಎದ್ದು ನಿಂತಳು. ಕೊಟ್ರಮ್ಮನಿಗೆ ಬೆನ್ನು ಹಾಕಿ ಗಂಡನ ಕಡೆ ತಿರುಗಿದಳು.

“ನಿಜವಾಗಿ ತಪ್ಪಿಲ್ಲದವಳಾಗಿದ್ದರೆ ಹಾರುತ್ತಿದ್ದಳಲ್ಲ?”