ಕೂಡಿಹಾಕಿದವರು

"ಒಂದು ಹೆಸರು ಹೇಳಿಬಿಡಿ, ಸಾಕು," ಎಂದರು ಹೆಡ್‌ಮಿಸ್. "ಮಿಕ್ಕಿದ್ದು ನಾನು ನೋಡ್ಕೋತೀನಿ."

ವಿಜ್ಞಾನದ ಟೀಚರ್ ಅವರ ಕೋಣೆಯಲ್ಲಿ ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಪ್ರಯೋಗಾಲಯದ ಹಿಂದಿನ ಸಾಮಾನಿನ ಕೋಣೆಯಿಂದ ಅವರನ್ನು ಹೊರಗೆ ಕರೆತಂದು ಇನ್ನೂ ಒಂದು ಪಿರಿಯಡ್ ಕಳೆದಿರಲಿಲ್ಲ. ಹತ್ತನೆಯ ತರಗತಿಯ ಕೊನೆಯ ಸೆಕ್ಷನ್ನಿನವರು ಟೀಚರನ್ನೇ ಕೂಡಿಹಾಕಿದರಂತೆ ಎಂಬ ಸುದ್ದಿ ಮಾತ್ರ ಅಷ್ಟರಲ್ಲೇ ಗೇಟು ದಾಟಿ ಬೀದಿಗೆ ಬಿದ್ದಿತ್ತು.

ಆ ಸೆಕ್ಷನ್ ಶಾಲೆಗೇ ಮಗ್ಗುಲ ಮುಳ್ಳು. ಟೀಚರ್ ಬೋರ್ಡಿನ ಕಡೆ ತಿರುಗಿದರೆ ಸಾಕು, ಬೆನ್ನ ಹಿಂದೆ ಬೆಕ್ಕು ಕೂಗುತ್ತಿತ್ತು, ನಾಯಿ ಬೊಗಳುತ್ತಿತ್ತು. ಒಮ್ಮೊಮ್ಮೆ ಅವರದೇ ದನಿ ಹಿಂದಿನ ಬೆಂಚಿನಿಂದ ಅವರನ್ನು ಅಣಕಿಸುತ್ತಿತ್ತು. "ಆ ಕ್ಲಾಸಿಗೆ ಹೋಗೋದಕ್ಕಿಂತ ಜ್ವರ ಬಂದ್ರೆ ವಾಸಿ," ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ನಗುತ್ತಿದ್ದರು. ಟೀಚರ್ ಕೂಡ ನಗುತ್ತಿದ್ದರು, ಹೋದ ವರ್ಷದ ತನಕ.

"ಎಂಥಾ ಬಾಗಿಲು ಅಂತೀರಿ," ಡ್ರಿಲ್ ಮೇಷ್ಟ್ರು ಹೆಗಲು ನೀವಿಕೊಂಡರು. "ಚಿಲಕ ಗಿಲಕ ನೋಡ್ತಾ ಕೂರ್ಲಿಲ್ಲ, ಮೂರು ಸಲ ಗುದ್ದಿದ ಮೇಲೆ ಮುರೀತು. ನಾನಿಲ್ದಿದ್ರೆ ಟೀಚರ್ ಗತಿ?"

"ಮಾತು ಮಾತಿಗೂ ಅದೇ ಹೆಗಲು. ಹಾರ ಹಾಕ್ಸೋಣ ಬಿಡಿ," ಎಂದರು ಗಣಿತದ ಮೇಷ್ಟ್ರು.

ಗೋಡೆಗೆ ಒರಗಿ ನಿಂತಿದ್ದವನು ಬೆಕ್ಕು. ಕೂಗಿ ಕೂಗಿ ಅದೇ ಅವನ ಹೆಸರಾಗಿತ್ತು. ಬಾಗಿಲ ಮುಂದೆ ಸಿಕ್ಕಿಬಿದ್ದವನೂ ಅವನೊಬ್ಬನೇ.

"ಅಲ್ಲೇನ್ ಮಾಡ್ತಿದ್ಯೋ?" ಎಂದರು ಹೆಡ್‌ಮಿಸ್.

"ಟೀಚರ್ ಕ್ಲಾಸಿಗೆ ಬರ್ಲಿಲ್ಲ. ಕರೆಯೋಕೆ ಹೋದೆ."

ಕೋಣೆಯಲ್ಲಿ ನಗೆ ಎದ್ದಿತು. "ನೀನು? ಪಾಠಕ್ಕೆ?" ಗಣಿತದ ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನೋಡಿ ಅವನ ಮುಖ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಹಾಗಿದೆ."

ವಿಜ್ಞಾನದ ಟೀಚರ್ ಜಾರಿದ ಶಾಲನ್ನು ಹೆಗಲಿಗೆ ಎಳೆದುಕೊಂಡರು.

ಹುಡುಗನ ತಾಯಿ ಬಾಗಿಲ ಹತ್ತಿರದ ಸ್ಟೂಲಿನ ತುದಿಯಲ್ಲಿ ಕೂತಿದ್ದಳು. ಲಾಂಡ್ರಿಯಿಂದ ನೇರ ಬಂದಿದ್ದಳು. ಬೆರಳುಗಳು ನೀರಿನಲ್ಲಿ ನೆನೆದು ಬಿಳಿಚಿಕೊಂಡಿದ್ದವು. "ಹೊಡೀರಿ, ಬೈರಿ, ಬಿಸಿಲಲ್ಲಿ ನಿಲ್ಲಿಸಿ. ಟಿಸಿ ಒಂದು ಕೊಡ್ಬೇಡಿ. ಪರೀಕ್ಷೆ ಹತ್ರ ಬಂತು, ಈಗ ಇವನನ್ನ ಯಾವ ಸ್ಕೂಲು ಸೇರಿಸ್ಕೊಳ್ಳತ್ತೆ?" ಆಮೇಲೆ ಟೀಚರ್ ಕಡೆ ತಿರುಗಿದಳು. "ಇವನ್ದು ಬಾಯಿ ಜಾಸ್ತಿ, ನಂಗೊತ್ತು. ಆದ್ರೆ ನೀವು ಇವನಲ್ಲ ಅಂದ್ರೆ ಅಲ್ಲ ಟೀಚರ್. ನೀವು ಹೇಳಿದ್ದನ್ನ ನಾನು ನಂಬ್ತೀನಿ."

ಟೀಚರ್ ಲೋಟದೊಳಗಿನ ನೀರನ್ನೇ ನೋಡಿದರು.

"ನಾನು ಬಾಗಿಲು ತಟ್ಟಿದ್ದು ಅವ್ರಿಗೆ ಕೇಳಿಸಿರತ್ತೆ," ಎಂದ ಹುಡುಗ. ದನಿಯಲ್ಲಿ ಅಣಕವಿರಲಿಲ್ಲ. "ಬನ್ನಿ ಟೀಚರ್, ಇವತ್ತು ಗಲಾಟೆ ಮಾಡಲ್ಲ ಅಂದೆ. ಅವ್ರನ್ನೇ ಕೇಳಿ."

ಎಲ್ಲರ ಕಣ್ಣೂ ಟೀಚರ್ ಕಡೆ ತಿರುಗಿದವು. ಟೀಚರ್ ನೀರು ಗುಟುಕರಿಸಿದರು. "ಯಾರೋ ತಟ್ಟಿದ್ರು," ಎಂದರು ಮೆಲ್ಲಗೆ. "ಮಾತು ಸರಿಯಾಗಿ ಕೇಳಿಸ್ಲಿಲ್ಲ."

"ಕೂಡಿಹಾಕಿದ್ದೂ ಅಲ್ದೆ ಆಟ ಬೇರೆ ಆಡಿಸಿದ್ದಾನೆ," ಎಂದರು ಡ್ರಿಲ್ ಮೇಷ್ಟ್ರು.

ಹೆಡ್‌ಮಿಸ್ ಪೆನ್ನಿನ ಮುಚ್ಚಳ ತೆಗೆದರು. "ಬಾಯಿಬಿಟ್ಟು ಹೇಳೋದು ಬೇಡ. ಇವನೇ ತಾನೇ? ತಲೆ ಆಡಿಸಿ."

ಹುಡುಗ ಟೀಚರನ್ನೇ ನೋಡುತ್ತಿದ್ದ. ಇಡೀ ವರ್ಷದಲ್ಲಿ ಅವನು ಇಷ್ಟು ಸುಮ್ಮನೆ ನಿಂತು ನೋಡಿದ್ದು ಅದೇ ಮೊದಲು.

ಟೀಚರ್ ತಲೆ ಆಡಿಸಿದರು.

ತಾಯಿ ಎದ್ದಳು. ಅಳಲಿಲ್ಲ, ಬೈಯಲಿಲ್ಲ, ಬಂದು ಟೀಚರರ ಕೈ ಮುಟ್ಟಿದಳು. "ತಪ್ಪಾಯ್ತು ತಾಯಿ. ಎಷ್ಟು ಹೆದರಿದ್ರೋ ಏನೋ ಒಳಗೆ." ಮಗನ ಚೀಲವನ್ನು ತಾನೇ ಹೊತ್ತು ನಡೆದಳು. ಅವನು ಹಿಂದೆ ಹೋದ, ತಿರುಗಿ ನೋಡಲಿಲ್ಲ.

"ಇನ್ನು ಆ ಕ್ಲಾಸು ನಿಮಗೆ ಬೇಡ," ಎಂದರು ಹೆಡ್‌ಮಿಸ್ ಮೃದುವಾಗಿ. "ಬೇರೆ ಯಾರಿಗಾದ್ರೂ ಹಚ್ತೀನಿ. ಹೋಗಿ, ಮನೇಲಿ ಮಲಗಿ."

ಟೀಚರ್ ಲೋಟವನ್ನು ಮೇಜಿನ ಮೇಲಿಟ್ಟು ಎದ್ದರು.

ಅಂದು, ಬಾಗಿಲು ಮುರಿಯುವುದಕ್ಕೂ ಮೊದಲು, ಪಿರಿಯಡ್ಡಿನ ಗಂಟೆ ಹೊಡೆದಾಗ ಆ ತರಗತಿಯ ಗದ್ದಲ ಮೆಟ್ಟಿಲಿಳಿದು ತಮ್ಮತ್ತ ಬರುತ್ತಿರುವುದನ್ನು ಕೇಳಿ, ವಿಜ್ಞಾನದ ಟೀಚರ್ ಸಾಮಾನಿನ ಕೋಣೆಯೊಳಗೆ ಹೋಗಿ, ತಾವೇ ಒಳಗಿನಿಂದ ಚಿಲಕ ಹಾಕಿಕೊಂಡು, ಬಾಯಿಗೆ ಶಾಲು ಒತ್ತಿಕೊಂಡು ಕತ್ತಲಲ್ಲಿ ಕೂತಿದ್ದರು.